ನೆಲದಡಿ ಯಾವ ಆಳ ಯಾರಿಗೆ? ಕರಡು ಇಲ್ಲಿದೆ, ಕುಟ್ಟಿ ನೋಡಿ

#1 ನಕ್ಷೆಗಾರ
ನಗರದ ನೆಲದಡಿ ಜಾಗವನ್ನು ಆಳದ ಪ್ರಕಾರ ಹಂಚುವ ಕರಡು ಇದು. ಸದ್ಯಕ್ಕೆ ಹೀಗಿದೆ:

0–3 ಮೀಟರ್: ನೀರು, ಒಳಚರಂಡಿ, ಕರೆಂಟು, ಗ್ಯಾಸ್, ಫೈಬರ್
3–12 ಮೀಟರ್: ಬೇಸ್‌ಮೆಂಟು, ಪಾರ್ಕಿಂಗು, ಅಂಗಡಿಸಾಲು
12–30 ಮೀಟರ್: ಮೆಟ್ರೋ, ರಸ್ತೆ ಸುರಂಗ
30ರಿಂದ ಕೆಳಗೆ: ಮಳೆನೀರಿನ ಸುರಂಗ, ದಾಸ್ತಾನು, ಉಳಿದದ್ದು ಮುಂದಿನವರಿಗೆ

ಕೇಳಬೇಕಾದದ್ದು ಮೂರು. ಹೀಗೆ ಗೆರೆ ಎಳೆದರೆ ನಿಲ್ಲುತ್ತದಾ? 0–3ರ ಗೊಂದಲವನ್ನು ಒಂದೇ ಯುಟಿಲಿಟಿ ಸುರಂಗಕ್ಕೆ ತುಂಬಿಸಬಹುದಾ? ಮೊದಲು ಅಗೆದವನೇ ಮಾಲೀಕ ಅನ್ನುವ ಈಗಿನ ಪದ್ಧತಿಯನ್ನು ತಡೆಯುವುದು ಹೇಗೆ?

#2 ಹುತ್ತ
ಮೊದಲ ಪ್ರಶ್ನೆಗೆ ಮರುಪ್ರಶ್ನೆ: 3 ಮೀಟರ್ ಅಂದರೆ ಎಲ್ಲಿಂದ 3 ಮೀಟರ್?

ರಸ್ತೆ ಮಟ್ಟದಿಂದ ಅಂದರೆ ಕರಡು ಇಲ್ಲೇ ಬಿತ್ತು. ಡಾಂಬರಿನ ಮೇಲೆ ಡಾಂಬರು ಹಾಕಿದ ಹಾಗೆಲ್ಲ ರಸ್ತೆ ಏರುತ್ತದೆ, ದಾಖಲೆಯಲ್ಲಿ 1.2 ಮೀಟರ್ ಆಳ ಇದ್ದ ಕೊಳವೆ ನಿಜದಲ್ಲಿ 1.5ಕ್ಕೆ ಹೋಗಿರುತ್ತದೆ. ರಸ್ತೆ ಕೆತ್ತಿ ತಗ್ಗಿಸಿದರೆ ಉಲ್ಟಾ, ಜೆಸಿಬಿಯ ಹಲ್ಲಿಗೆ ಸಿಗುತ್ತದೆ. ‘ಫುಟ್‌ಪಾತ್ ಅಂಚಿನಿಂದ 2 ಅಡಿ’ ಅಂತ ಬರೆದಿಟ್ಟದ್ದಕ್ಕೂ ಇದೇ ಗತಿ, ರಸ್ತೆ ಅಗಲ ಮಾಡಿದ ದಿನ ಅಂಚೇ ಇರುವುದಿಲ್ಲ. ಸಮುದ್ರಮಟ್ಟಕ್ಕೆ ಕಟ್ಟಿದ ಎತ್ತರ ಮತ್ತು ನಿರ್ದೇಶಾಂಕ, ಎರಡೂ ಇರಲೇಬೇಕು. ಕೊಳವೆ ಹಾಕಿ ಮಣ್ಣು ಮುಚ್ಚುವ ಮೊದಲೇ ಅಳತೆ ತೆಗೆಯಬೇಕು. ಮುಚ್ಚಿದ ಮೇಲೆ ‘ಹೀಗೇ ಹೋಗಿದೆ’ ಅಂತ ಎಳೆದ ಗೆರೆ ಬರೀ ಊಹೆ.

#3 ಸುಮ್ನೆ_ಬಂದೆ
ಕರಡು ನೋಡಿದ್ರೆ ಬಿಸಿಬಿಸಿ ಲೇಯರ್ ಕೇಕ್ ಇದ್ದಂಗಿದೆ. ಭೂಮಿಗೆ ಇದು ಗೊತ್ತಾ?

#4 ಇಳಿಜಾರು
ಒಳಚರಂಡಿಯನ್ನು 0–3ರಲ್ಲಿ ಕೂಡಿಹಾಕಿದ್ದೀರಿ, ಅದು ಅಲ್ಲಿ ಕೂರೋಲ್ಲ. ಪಂಪಿಲ್ಲದೆ ತಾನಾಗಿ ಹರಿಯಬೇಕು, ಕೊಳೆ ತಳಕ್ಕೆ ಕೂರದಿರಲು ವೇಗ ಸೆಕೆಂಡಿಗೆ 0.6 ಮೀಟರಾದರೂ ಬೇಕು. 150 ಮಿ.ಮೀ. ಕೊಳವೆಗೆ 150ಕ್ಕೆ 1ರ ಇಳಿಜಾರು ಕೊಟ್ಟರೆ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ 6.7 ಮೀಟರ್ ಇಳಿದಿರುತ್ತದೆ, ನಿಮ್ಮ ಪಾರ್ಕಿಂಗಿನ ಮಧ್ಯಕ್ಕೇ ಬಂದಾಯಿತು. ದೊಡ್ಡ ಕೊಳವೆಗೆ 500ಕ್ಕೆ 1 ಸಾಕು ಅಂದುಕೊಂಡರೂ ಕಿಲೋಮೀಟರಿಗೆ 2 ಮೀಟರ್.

ಹಾಗಾಗಿ ನೆಲದಡಿ ನಕ್ಷೆಯಲ್ಲಿ ಮೊದಲು ಎಳೆಯಬೇಕಾದ ಗೆರೆ ಇಳಿಜಾರಿನಲ್ಲಿ ಹರಿಯುವ ಕೊಳವೆಗಳದ್ದು. ಕರೆಂಟು, ಫೈಬರು, ಒತ್ತಡದ ನೀರಿನ ಕೊಳವೆ ಎಲ್ಲ ಸುತ್ತಿ ಬಳಸಿ ಹೋಗಬಲ್ಲವು. ಚರಂಡಿ ಬಗ್ಗೋದಿಲ್ಲ, ಬಗ್ಗುವವರು ಜಾಗ ಬಿಡಬೇಕು.

#5 ನಕ್ಷೆಗಾರ
@ಹುತ್ತ, ಎತ್ತರದ ವಿಷಯ ತಿದ್ದಿಕೊಳ್ತೇನೆ. @ಇಳಿಜಾರು, ಒಪ್ಪಿದೆ. ಹಾಗಾದರೆ ಆಳದ ಗೆರೆಗಳನ್ನೇ ಬಿಟ್ಟು ಬೀದಿಬೀದಿಗೆ ಅಡ್ಡಸೀಳಿಕೆ ನಕ್ಷೆ ಮಾಡಬೇಕಾ?

#6 ಹುತ್ತ
ಅದಕ್ಕೂ ಮೊದಲು ಮಣ್ಣಿನ ನಕ್ಷೆ ಮಾಡಿ. ಹೆಲ್ಸಿಂಕಿಯವರು ಇಡೀ ನಗರಕ್ಕೆ ನೆಲದಡಿ ಮಾಸ್ಟರ್ ಪ್ಲಾನ್ ಮಾಡಿ 2010ರಲ್ಲಿ ಒಪ್ಪಿಗೆ ಕೊಟ್ಟದ್ದನ್ನು ಎಲ್ಲರೂ ಉದಾಹರಣೆ ಕೊಡ್ತಾರೆ. ಅವರ ಕಾಲಡಿ ಗಟ್ಟಿ ಬಂಡೆ, ಅದೂ ಮೇಲ್ಮೈಗೆ ಹತ್ತಿರ. ಬಂಡೆಯಲ್ಲಿ ಗುಹೆ ಕೊರೆದರೆ ಬಂಡೆಯೇ ಕಮಾನು. ನಾರ್ವೆಯ ಯೋವಿಕ್‌ನಲ್ಲಿ 1994ರ ಒಲಿಂಪಿಕ್ಸಿಗೆ ಕೊರೆದ ಐಸ್ ಹಾಕಿ ಸಭಾಂಗಣದ ಅಗಲ 61 ಮೀಟರ್, ನಡುವೆ ಒಂದೂ ಕಂಬ ಇಲ್ಲ. ಅದೇ ಚಿತ್ರ ತೋರಿಸಿ ಮೆತ್ತನೆ ಜೇಡಿಯಲ್ಲಿ, ನೀರು ತುಂಬಿದ ಮರಳಲ್ಲಿ ಹಾಗೇ ಮಾಡ್ತೀವಿ ಅಂದರೆ ಮುಳುಗಿದ ಹಾಗೆ, ಅಕ್ಷರಶಃ.

ಎರಡಕ್ಕಿಂತ ಕೆಟ್ಟದ್ದು ಅರ್ಧ ಬಂಡೆ ಅರ್ಧ ಮಣ್ಣು. ಟಿಬಿಎಂ (ಸುರಂಗ ಕೊರೆಯುವ ಯಂತ್ರ) ಮುಖದ ಕೆಳಭಾಗ ಬಂಡೆಗೆ ತಾಗಿ ಯಂತ್ರ ನಿಧಾನವಾಗುತ್ತದೆ, ಮೇಲ್ಭಾಗದ ಮಣ್ಣು ಮಾತ್ರ ಕಾಯದೆ ಒಳಗೆ ಬರುತ್ತಲೇ ಇರುತ್ತದೆ. ಮೆತ್ತನೆ ಕಡೆ ಕಟರ್ ಬಿಲ್ಲೆಗಳು ಉರುಳದೆ ಉಜ್ಜಿಕೊಂಡು ಒಂದೇ ಕಡೆ ಚಪ್ಪಟೆಯಾಗ್ತವೆ, ಚಪ್ಪಟೆಯಾದದ್ದು ಆಮೇಲೆ ಉರುಳುವುದೂ ಇಲ್ಲ.

#7 ಗಾರೆಕೆಲಸ
ಕೊರೆದ ಪರೀಕ್ಷಾ ರಂಧ್ರಗಳನ್ನು ಸುರಂಗದ ನಡುಗೆರೆ ಮೇಲೆ ಹಾಕಬೇಡಿ, ಪಕ್ಕಕ್ಕೆ ಸರಿಸಿ ಹಾಕಿ, ಮುಗಿದ ಮೇಲೆ ಸಿಮೆಂಟು ಗ್ರೌಟು (ತೆಳು ಗಾರೆ) ತುಂಬಿ. ಮಣ್ಣೆಳೆದು ಮುಚ್ಚಿದರೆ ನಾಳೆ ಸುರಂಗದ ಒತ್ತಡದ ಕೆಸರು ಅದೇ ರಂಧ್ರದಲ್ಲಿ ಬೀದಿಗೆ ಚಿಮ್ಮುತ್ತದೆ. ಇದಕ್ಕಿಂತ ದೊಡ್ಡ ಶತ್ರು ಹಾಳುಬಾವಿ. ಮೇಲೆ ಚಪ್ಪಡಿ ಹಾಕಿ ಮರೆತಿರ್ತಾರೆ, ಯಾವ ನಕ್ಷೆಯಲ್ಲೂ ಇರೋಲ್ಲ. ಹಳೇ ಸರ್ವೆ ನಕ್ಷೆ, ಹಳೇ ವೈಮಾನಿಕ ಚಿತ್ರ ಎರಡನ್ನೂ ಈಗಿನದ್ದರ ಮೇಲಿಟ್ಟು ಹುಡುಕಬೇಕು.

#8 ಜಾಣೆಕಲ್ಲು
ಇಷ್ಟು ತಲೆಕೆಡಿಸಿಕೊಳ್ಳೋದ್ಯಾಕೆ? ಎಲ್ಲಾನೂ 40 ಮೀಟರಿಗೆ ಇಳಿಸಿ. ಜಪಾನಿನಲ್ಲಿ ಅದಕ್ಕೆ ಕಾನೂನೇ ಇದೆ. ಮೇಲಿನ ಮನೆಯವರಿಗೆ ತೊಂದರೆ ಇಲ್ಲ, ಪರಿಹಾರದ ಗೋಜೂ ಇಲ್ಲ.

#9 ಕಾಯಿದೆಪುಸ್ತಕ
ಕಾನೂನು ಇರೋದು ನಿಜ, ಪೂರ್ತಿ ಹೇಳಿ. 2000ದ ಕಾಯಿದೆ. 40 ಮೀಟರ್ ಅಥವಾ ಕಟ್ಟಡದ ಅಡಿಪಾಯ ಹೊರುವ ಗಟ್ಟಿಪದರಕ್ಕಿಂತ 10 ಮೀಟರ್ ಕೆಳಗೆ, ಎರಡರಲ್ಲಿ ಯಾವುದು ಹೆಚ್ಚು ಆಳವೋ ಅದು. ಸಾರ್ವಜನಿಕ ಕಾಮಗಾರಿಗೆ ಮಾತ್ರ, ಅದೂ ದೊಡ್ಡ ಮಹಾನಗರ ಪ್ರದೇಶಗಳಲ್ಲಿ.

ಇನ್ನು ‘ತೊಂದರೆ ಇಲ್ಲ’ ಅನ್ನೋದು. 2020ರ ಅಕ್ಟೋಬರಿನಲ್ಲಿ ಟೋಕಿಯೋದ ಚೋಫು ಬಡಾವಣೆಯಲ್ಲಿ ಮನೆಗಳ ಮುಂದಿನ ರಸ್ತೆ ಕುಸಿಯಿತು. ಸುಮಾರು 47 ಮೀಟರ್ ಕೆಳಗೆ 16 ಮೀಟರ್ ವ್ಯಾಸದ ಹೆದ್ದಾರಿ ಸುರಂಗ ಕೊರೆಯುತ್ತಿದ್ದರು, ಇದೇ ಕಾಯಿದೆಯ ಅಡಿಯಲ್ಲಿ. ಆಮೇಲೆ ಹುಡುಕಿದಾಗ ಪಕ್ಕದಲ್ಲೇ ಮಣ್ಣೊಳಗೆ ಪೊಳ್ಳುಗಳೂ ಸಿಕ್ಕವು. ಹಾಗಾಗಿ ಆಳ ಅನ್ನೋದು ಕ್ಷೇಮಪತ್ರ ಅಲ್ಲ.

ಸಿಂಗಪುರದ ದಾರಿ ಬೇರೆ. 2015ರ ತಿದ್ದುಪಡಿಯಲ್ಲಿ ಜಮೀನಿನ ಮಾಲೀಕನ ಹಕ್ಕು ಅವರ ಎತ್ತರ ಮಾನದಂಡದಿಂದ 30 ಮೀಟರ್ ಕೆಳಗಿನವರೆಗೆ ಅಂತ ಬರೆದುಬಿಟ್ಟರು. ಅದರ ಕೆಳಗಿನದ್ದು ಸರ್ಕಾರದ್ದು. ಗಮನಿಸಿ, ಅಲ್ಲೂ ‘ರಸ್ತೆಯಿಂದ’ ಅಂತಿಲ್ಲ. #2ರ ಮಾತಿಗೆ ಇದು ಸಾಕ್ಷಿ.

#10 ಗಾರೆಕೆಲಸ
ಚೋಫುವಿನಲ್ಲಿ ಆದದ್ದು ಎಲ್ಲರೂ ಕಲಿಯಬೇಕಾದ ಪಾಠ. ಅಲ್ಲಿನ ಪದರದಲ್ಲಿ ನಯವಾದ ಕಣ ಕಡಿಮೆ, ಮರಳು ಮತ್ತು ಗರಸು ಜಾಸ್ತಿ. ರಾತ್ರಿ ಯಂತ್ರ ನಿಲ್ಲಿಸಿದಾಗ ಕಟರಿನ ಹಿಂದೆ ಮಣ್ಣು ತುಂಬುವ ಕೋಣೆಯಲ್ಲಿ ಮರಳು ತಳಕ್ಕೆ ಕೂತು ಬಿಗಿಯಾಯಿತು, ಬೆಳಿಗ್ಗೆ ಕಟರ್ ತಿರುಗಲಿಲ್ಲ. ಅದನ್ನು ಸಡಿಲಿಸುವ ಯತ್ನದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಮಣ್ಣು ಒಳಗೆ ಬಂತು. ಒಳಗೆ ಬಂದ ಪ್ರತಿ ಘನಮೀಟರಿಗೂ ಮೇಲೆಲ್ಲೋ ಒಂದು ಘನಮೀಟರ್ ಖಾಲಿ, ಲೆಕ್ಕ ಅಷ್ಟೇ.

ಅದಕ್ಕೇ ಬೆಲ್ಟಿನ ಮೇಲೆ ಮಣ್ಣು ತೂಗಬೇಕು ಅನ್ನೋದು. 6.6 ಮೀಟರ್ ವ್ಯಾಸದ ಯಂತ್ರ 1.5 ಮೀಟರಿನ ಒಂದು ರಿಂಗ್ (ಸುರಂಗದ ಒಳಗೋಡೆಯ ಒಂದು ಬಳೆ) ಮುಂದೆ ಹೋದರೆ ಬರಬೇಕಾದ್ದು ಸುಮಾರು 51 ಘನಮೀಟರ್ ನೆಲ. ಲಾರಿಗೆ ಬಿದ್ದಾಗ ಅದು ಉಬ್ಬುತ್ತದೆ, ಹಾಗಾಗಿ ಲಾರಿ ಎಣಿಸಬೇಡಿ, ತೂಕ ನೋಡಿ. ಒಂದು ರಿಂಗಿನಲ್ಲಿ ಶೇ. 10 ಜಾಸ್ತಿ ಬಂತಾ, ನಿಲ್ಲಿಸಿ. ಮೂರು ರಿಂಗ್ ಸರಾಸರಿ ತೆಗೆದು ‘ಸರಿಹೋಯ್ತು’ ಅಂದರೆ ಕುಳಿ ಮೇಲೆ ಬರುವವರೆಗೆ ಯಾರಿಗೂ ಗೊತ್ತಾಗೋಲ್ಲ.

#11 ಬಿರುಕು_ಲೆಕ್ಕ
ಹೆದರಿಕೆ ಜಾಸ್ತಿ ಆಗದಿರಲಿ ಅಂತ ಲೆಕ್ಕ ಹಾಕ್ತೇನೆ. ಅದೇ 6.6 ಮೀಟರ್ ಸುರಂಗ, ನಡುಗೆರೆ 20 ಮೀಟರ್ ಆಳ, ಜೇಡಿಮಣ್ಣು, ಮಣ್ಣಿನ ನಷ್ಟ (ಸುರಂಗದ ಗಾತ್ರಕ್ಕಿಂತ ಹೆಚ್ಚಾಗಿ ಒಳಗೆ ಬಂದ ಮಣ್ಣು) ಶೇ. 1. ಕುಸಿತದ ತಗ್ಗು ಗಂಟೆಯಾಕಾರ ಉಲ್ಟಾ ಇಟ್ಟ ಹಾಗಿರುತ್ತದೆ, ನಡುವಲ್ಲಿ ಹೆಚ್ಚೆಂದರೆ 13–14 ಮಿ.ಮೀ., ಎರಡೂ ಕಡೆ 25–30 ಮೀಟರ್ ಹೋಗುವಷ್ಟರಲ್ಲಿ ಸೊನ್ನೆ. ನಷ್ಟ ಅರ್ಧ ಪರ್ಸೆಂಟಿಗೆ ಇಳಿಸಿದರೆ ಕುಸಿತವೂ ಅರ್ಧ.

ಗೋಡೆ ಬಿರಿಯೋದು ಕುಸಿತದಿಂದಲ್ಲ, ಓರೆಯಿಂದ. ಇಡೀ ಮನೆ ಸಮನಾಗಿ 20 ಮಿ.ಮೀ. ಇಳಿದರೆ ಬಾಗಿಲೂ ಕಿರ್ ಅನ್ನೋಲ್ಲ. ಕುಸಿತ 10 ಮಿ.ಮೀ.ಗಿಂತ ಕಡಿಮೆ, ಓರೆ 500ಕ್ಕೆ 1ಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ ಅನ್ನೋದು ವಾಡಿಕೆ. ಮೇಲಿನ ಉದಾಹರಣೆಯಲ್ಲಿ ಓರೆ ಸುಮಾರು 1,200ಕ್ಕೆ 1. ತೊಂದರೆ ಎಲ್ಲಿ ಅಂದರೆ ಅರ್ಧ ಹಳೇ ಅಡಿಪಾಯ, ಅರ್ಧ ಆಮೇಲೆ ಸೇರಿಸಿದ ಕೋಣೆ ಇರುವ ಮನೆಗಳಲ್ಲಿ. ಜೋಡಣೆಯಲ್ಲೇ ಬಾಯಿ ಬಿಡುತ್ತದೆ.

#12 ಸುಮ್ನೆ_ಬಂದೆ
ಒಂದು ಅನುಮಾನ. ‘ಭೂಗತ ಯೋಜನೆ’ ಅಂತ ಕರಡಿಗೆ ಹೆಸರಿಟ್ರೆ ಜನ ಡಾನ್‌ಗಳ ಯೋಜನೆ ಅಂದ್ಕೊಳ್ಳಲ್ವಾ?

#13 ಪದಜಗಳ
ನ್ಯಾಯವಾದ ಅನುಮಾನ. ‘ನೆಲದಡಿ’ ಅನ್ನಿ, ಮುಗೀತು. ‘ನೆಲಮಾಳಿಗೆ’ ಕೂಡ ನನಗೆ ಒಪ್ಪಿಗೆ ಇಲ್ಲ, ಮಾಳಿಗೆ ಇರೋದು ಮೇಲೆ.

#14 ಇಳಿಜಾರು
ನೂರಾರು ವರ್ಷದಿಂದ ಬಂದ ಮಾತಿಗೆ ಈಗ ನಿಮ್ಮ ಒಪ್ಪಿಗೆ ಬೇಕಿತ್ತಾ ಸ್ವಾಮಿ.

#15 ಕಟ್ಟೆಕಾವಲು (ನಿರ್ವಾಹಕ)
ಪದದ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಎರಡನೇ ಪ್ರಶ್ನೆ ಇನ್ನೂ ಹಾಗೇ ಕೂತಿದೆ: ಯುಟಿಲಿಟಿ ಸುರಂಗ.

#16 ತಂತಿಕೊಳವೆ
ಅದಕ್ಕೇ ಕಾಯ್ತಿದ್ದೆ. ಎಲ್ಲವನ್ನೂ ಒಂದೇ ಸುರಂಗಕ್ಕೆ ಹಾಕೋದು ಹೊಸ ಬಡಾವಣೆ ಮತ್ತು ಮುಖ್ಯರಸ್ತೆಗೆ ಸರಿ. ಸಿಂಗಪುರದ ಮರೀನಾ ಬೇಯಲ್ಲಿ ಖಾಲಿ ನೆಲ ಸಿಕ್ಕಿತ್ತು, ಕಟ್ಟಡ ಬರುವ ಮೊದಲೇ ಹಾಕಿದರು. ಹಳೇ ಗಲ್ಲಿಗಳಲ್ಲಿ ಮನೆಮನೆಗೂ ಕವಲು ತೆಗೆಯಬೇಕು, ಪ್ರತಿ ಕವಲೂ ಗೋಡೆಯಲ್ಲಿ ಒಂದು ತೂತು, ಪ್ರತಿ ತೂತೂ ಒಂದು ಸೋರಿಕೆ.

ಒಳಗೆ ಏನು ಎಲ್ಲಿ ಅನ್ನೋದು ಮುಖ್ಯ. ಒಳಚರಂಡಿ ಬೇಡ, ಅದರ ಇಳಿಜಾರಿಗೆ ಸುರಂಗವೇ ಕುಣಿಯಬೇಕಾಗ್ತದೆ. ಗ್ಯಾಸು ಬೇಡ, ಬೇಕೇಬೇಕು ಅಂದರೆ ಬೇರೆ ಗಾಳಿ ವ್ಯವಸ್ಥೆ ಇರುವ ಪ್ರತ್ಯೇಕ ಕೋಣೆ. ನೀರಿನ ಕೊಳವೆ ಕೆಳಗೆ, ಫೈಬರು ಮೇಲೆ, ಹೈ ಟೆನ್ಷನ್ ಕೇಬಲು ಎದುರು ಗೋಡೆಗೆ. ಕೇಬಲ್ ಬಿಸಿಯಾಗ್ತದೆ, ಗಾಳಿ ಆಡದಿದ್ದರೆ ಅದು ಹೊರಬಲ್ಲ ಕರೆಂಟೇ ಕಡಿಮೆಯಾಗ್ತದೆ. ನಡೆದಾಡಲು 2.1 ಮೀಟರ್ ಎತ್ತರ, 0.9 ಮೀಟರ್ ಓಣಿ, 200 ಮೀಟರಿಗೊಂದು ಬೆಂಕಿಬಾಗಿಲು. ಮತ್ತೆ, 6 ಮೀಟರ್ ಉದ್ದದ ಕೊಳವೆ ಒಳಗೆ ಇಳಿಸುವಷ್ಟು ಉದ್ದದ ಬಾಯಿ. ಇದನ್ನು ಮರೆತ ಸುರಂಗದಲ್ಲಿ ಕೊಳವೆ ಕೆಟ್ಟರೆ ಅಲ್ಲೇ ಕೊಯ್ದು ತುಂಡುತುಂಡಾಗಿ ತೆಗೆಯಬೇಕು, ಹೊಸದನ್ನೂ ತುಂಡುತುಂಡಾಗಿ ಬೆಸೆಯಬೇಕು.

ಹೆಚ್ಚಿನವರು ಎಡವುವ ಜಾಗ ಕೊಳವೆಯ ತಿರುವು. 300 ಮಿ.ಮೀ. ಕೊಳವೆ, 10 ಬಾರ್ ಒತ್ತಡ, 90 ಡಿಗ್ರಿ ತಿರುವು: ಹೊರಮುಖವಾಗಿ 10 ಟನ್ ತಳ್ಳುತ್ತದೆ. ನೆಲದಲ್ಲಿ ಹೂತಾಗ ಕಾಂಕ್ರೀಟು ದಿಮ್ಮಿ ಹಾಕಿ ಹಿಂದಿನ ಮಣ್ಣಿಗೆ ಒರಗಿಸ್ತೀವಿ. ಸುರಂಗದಲ್ಲಿ ಹಿಂದೆ ಮಣ್ಣೇ ಇಲ್ಲ, ಎಲ್ಲ ಬ್ರಾಕೆಟ್ಟಿನ ಮೇಲೆ. ನಾಲ್ಕು ಆಂಕರ್ ಬೋಲ್ಟ್ ಹೊಡೆದು ಕೈತೊಳೆದರೆ ಪರೀಕ್ಷೆಯ ದಿನವೇ ಕಿತ್ತು ಬರ್ತದೆ.

#17 ಕೂಲಿಲೆಕ್ಕ
ಒಳಗೆ ಇಳಿಯುವವರ ವಿಷಯ ಯಾರೂ ಎತ್ತಲಿಲ್ಲ. ಮುಚ್ಚಿದ ಜಾಗ ಅಂದಮೇಲೆ ಇಳಿಯುವ ಮೊದಲು ಗಾಳಿ ಪರೀಕ್ಷೆ, ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ. ಆಮ್ಲಜನಕ 19.5ರಿಂದ 23.5 ಪರ್ಸೆಂಟಿನ ಒಳಗೆ, ಆಮೇಲೆ ಉರಿಯುವ ಅನಿಲ, ಆಮೇಲೆ ವಿಷಾನಿಲ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರ್ತದೆ. ಕೊಳೆತ ಮೊಟ್ಟೆ ವಾಸನೆ ಬರ್ತಿದ್ದುದು ನಿಂತರೆ ಗಾಳಿ ಸರಿಯಾಯ್ತು ಅಂತಲ್ಲ, ಪ್ರಮಾಣ ಏರಿ ಮೂಗು ಸತ್ತಿದೆ ಅಂತಲೂ ಇರಬಹುದು. ಬಿದ್ದವನನ್ನು ಎತ್ತಲು ಉಸಿರಾಟದ ಸಲಕರಣೆ ಇಲ್ಲದೆ ಇನ್ನೊಬ್ಬ ಇಳಿಯಬಾರದು. ಮೇಲೆ ಮುಕ್ಕಾಲಿ, ಹಗ್ಗ, ರಾಟೆ ಸಿದ್ಧ ಇರಲಿ, ಎಳೆದು ತೆಗೆಯಬೇಕು.

#18 ಜಾಣೆಕಲ್ಲು
ಸರಿ ಮಾರಾಯ್ರೆ, 40 ಮೀಟರ್ ವಾಪಸ್ ತಗೊಂಡೆ. ಆದರೆ ಪ್ರವಾಹಕ್ಕೆ ಟೋಕಿಯೋದವರು ನೆಲದಡಿ ದೇವಸ್ಥಾನದಂಥದ್ದು ಕಟ್ಟಿ ಇಡೀ ನಗರ ಉಳಿಸಿದ್ದಾರಲ್ಲ. ಅದನ್ನಾದರೂ ಒಪ್ತೀರಾ?

#19 ಮಳೆಮಾಪಕ
ಅರ್ಧ ಒಪ್ಪಿದೆ. ಅದು ಇರುವುದು ಟೋಕಿಯೋದಲ್ಲಲ್ಲ, ಉತ್ತರಕ್ಕೆ ಕಸುಕಾಬೆಯಲ್ಲಿ. ನಾಕಾ, ಕುರಾಮಾತ್ಸು ಮುಂತಾದ ಸಣ್ಣ ಮಧ್ಯಮ ನದಿಗಳು ಉಕ್ಕಿದಾಗ ನೀರನ್ನು ಬಾವಿಗಳಿಗೆ ಇಳಿಸಿ, 50 ಮೀಟರ್ ಆಳದ 6.3 ಕಿ.ಮೀ. ಸುರಂಗದಲ್ಲಿ ಸಾಗಿಸಿ ದೊಡ್ಡ ಎದೋ ನದಿಗೆ ಎತ್ತಿಹಾಕ್ತಾರೆ. ಪಂಪುಗಳ ಸಾಮರ್ಥ್ಯ ಸೆಕೆಂಡಿಗೆ 200 ಘನಮೀಟರ್. ನೀವು ದೇವಸ್ಥಾನ ಅಂದದ್ದು 177 ಮೀಟರ್ ಉದ್ದ, 78 ಮೀಟರ್ ಅಗಲದ ತೊಟ್ಟಿ, 59 ಕಂಬ. ಆ ಕಂಬಗಳು ಅಷ್ಟು ದಪ್ಪ ಇರೋದು ಚಾವಣಿ ಹೊರಲು ಮಾತ್ರ ಅಲ್ಲ, ತೊಟ್ಟಿ ಖಾಲಿ ಇದ್ದಾಗ ಅಂತರ್ಜಲ ಅದನ್ನು ಮೇಲಕ್ಕೆ ಎತ್ತದಂತೆ ಭಾರಕ್ಕೂ ಹೌದು.

ಕ್ವಾಲಾಲಂಪುರದ ಸ್ಮಾರ್ಟ್ ಸುರಂಗ ಇನ್ನೂ ಜಾಣತನದ್ದು, 2007ರಿಂದ ಇದೆ. 9.7 ಕಿ.ಮೀ. ಮಳೆನೀರಿನ ಸುರಂಗ, ನಡುವೆ ಸುಮಾರು 3 ಕಿ.ಮೀ. ಎರಡು ಅಂತಸ್ತಿನ ರಸ್ತೆ. ಸಾಧಾರಣ ಮಳೆಗೆ ರಸ್ತೆಯ ಕೆಳಗಿನ ಕಾಲುವೆಯಲ್ಲಷ್ಟೇ ನೀರು, ವಾಹನ ಓಡುತ್ತಿರುತ್ತವೆ. ಭಾರಿ ಮಳೆ ಬಂದರೆ ವಾಹನ ಖಾಲಿ ಮಾಡಿಸಿ ಇಡೀ ಸುರಂಗ ನೀರಿಗೆ. ಒಂದೇ ತೂತಿಗೆ ಎರಡು ಕೆಲಸ.

#20 ನೀರುನಿಲ್ಲಿಸು
ನದಿ ದೊಡ್ಡವರು ನೋಡ್ಕೊಳ್ಳಲಿ. ಬೇಸ್‌ಮೆಂಟಿನಲ್ಲಿ ಜನ ಸಾಯೋದು ರ‍್ಯಾಂಪಿನಿಂದ. ‘ಎರಡು ಪಂಪ್ ಇದೆ’ ಅನ್ನೋ ಧೈರ್ಯಕ್ಕೆ ಲೆಕ್ಕ ಕೊಡ್ತೀನಿ.

6 ಮೀಟರ್ ಅಗಲ, 20 ಮೀಟರ್ ಉದ್ದದ ರ‍್ಯಾಂಪಿನ ಮೇಲೆ ಗಂಟೆಗೆ 100 ಮಿ.ಮೀ. ಮಳೆ ಬಿದ್ದರೆ ಸೆಕೆಂಡಿಗೆ 3.3 ಲೀಟರ್. ಸಣ್ಣ ಪಂಪು ಸಾಕು. ಅದೇ ರಸ್ತೆಯಲ್ಲಿ ನಿಂತ ನೀರು ರ‍್ಯಾಂಪಿನ ಅಂಚು ದಾಟಿ ಬರೀ 100 ಮಿ.ಮೀ. ದಪ್ಪಕ್ಕೆ ಒಳಗೆ ಬಿದ್ದರೆ ಸೆಕೆಂಡಿಗೆ 320 ಲೀಟರ್, ನೂರು ಪಾಲು. 300 ಮಿ.ಮೀ. ಆದರೆ 1,670 ಲೀಟರ್: 1,000 ಚದರ ಮೀಟರಿನ ನೆಲಮಾಳಿಗೆಯಲ್ಲಿ ನಿಮಿಷಕ್ಕೆ 10 ಸೆಂ.ಮೀ. ಏರಿಕೆ, ಮೊಣಕಾಲು ಮುಳುಗಲು ಐದು ನಿಮಿಷ.

ಬಾಗಿಲಿನ ಲೆಕ್ಕ ಇನ್ನೂ ಕ್ರೂರ. 0.9 ಮೀಟರ್ ಅಗಲದ ಬಾಗಿಲಿನ ಹೊರಗೆ 40 ಸೆಂ.ಮೀ. ನೀರಿದ್ದರೆ ಹಿಡಿಯ ಬಳಿ 36 ಕೆ.ಜಿ. ಬಲದಿಂದ ತಳ್ಳಬೇಕು. 60 ಸೆಂ.ಮೀ. ಇದ್ದರೆ 80 ಕೆ.ಜಿ. ಗಟ್ಟಿಮುಟ್ಟಾದವನಿಗೂ ಆಗೋಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಚಂಡಮಾರುತದ ಬೆಳಿಗ್ಗೆ ಕಾರು ತೆಗೆಯಲು ನೆಲದಡಿ ಪಾರ್ಕಿಂಗಿಗೆ ಇಳಿದ ಏಳು ಜನ ಹೋದರು. ನೀರು ಬರುವಾಗ ಕಾರಿನ ಆಸೆ ಬಿಡಿ.

ಮಾಡಬೇಕಾದ್ದು: ರ‍್ಯಾಂಪು ಇಳಿಯುವ ಮೊದಲು ಒಂದು ಉಬ್ಬು ಹತ್ತಿಸಿ ಇಳಿಸಿ, ಉಬ್ಬಿನ ತುದಿ ಆ ಬೀದಿಯ ಹಳೇ ಪ್ರವಾಹ ಮಟ್ಟಕ್ಕಿಂತ 300 ಮಿ.ಮೀ. ಮೇಲಿರಲಿ. ಗಾಳಿಕಿಂಡಿ, ಮೆಟ್ಟಿಲ ಬಾಯಿ, ಲಿಫ್ಟಿನ ಬಾಯಿ ಎಲ್ಲವೂ ಅದೇ ಎತ್ತರಕ್ಕೆ. ಕೇಬಲ್ ಬರುವ ಪೈಪುಗಳ ಬಾಯಿ ಸೀಲ್ ಮಾಡಿ, ನೀರು ಅಲ್ಲಿಂದಲೂ ಧಾರೆಯಾಗಿ ಬರ್ತದೆ. ಚರಂಡಿ ಜೋಡಣೆಗೆ ಹಿಮ್ಮುಖ ತಡೆ ವಾಲ್ವ್. ಜನರೇಟರು, ಪಂಪಿನ ಪ್ಯಾನೆಲ್ ಬೋರ್ಡು ನೆಲದ ಮೇಲೆ. ಪಂಪಿನ ಸ್ವಿಚ್ಚು ಪಂಪಿನ ಜೊತೆಗೇ ಮುಳುಗಿದ ಬೇಸ್‌ಮೆಂಟುಗಳು ಬೇಕಾದಷ್ಟಿವೆ.

#21 ಗಾಳಿಗೋಪುರ
ಇದಕ್ಕೆ ಹೊಗೆಯ ಲೆಕ್ಕವೂ ಸೇರಲಿ. ನೀರು ಬಂದರೆ ಮೇಲಕ್ಕೆ ಓಡ್ತೀರಿ, ಬೆಂಕಿ ಬಿದ್ದರೂ ಮೇಲಕ್ಕೇ. ಹೊಗೆಯ ದಾರಿಯೂ ಅದೇ ಮೆಟ್ಟಿಲು. 1987ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ಎಸ್ಕಲೇಟರಿನ ಮರದ ಮೆಟ್ಟಿಲ ಬೆಂಕಿ ಅದರ ಎರಡು ಬದಿಗಳ ನಡುವಿನ ಇಳಿಜಾರಿನಲ್ಲಿ ಮಲಗಿಕೊಂಡೇ ಮೇಲೇರಿ ಟಿಕೆಟ್ ಹಾಲಿಗೆ ಚಿಮ್ಮಿತು, 31 ಸಾವು. ನೆಲದಡಿ ನಿಲ್ದಾಣಕ್ಕೆ ಬಳಸುವ ಅಮೆರಿಕದ ಎನ್ಎಫ್‌ಪಿಎ 130 ಮಾನದಂಡ ಪ್ಲಾಟ್‌ಫಾರ್ಮ್ 4 ನಿಮಿಷದಲ್ಲಿ ಖಾಲಿಯಾಗಬೇಕು, 6 ನಿಮಿಷದಲ್ಲಿ ಕ್ಷೇಮದ ಜಾಗ ಮುಟ್ಟಬೇಕು ಅನ್ನುತ್ತದೆ. ಅಂಗಡಿಸಾಲು ಸೇರಿಸಿ ಜನ ಹೆಚ್ಚಿಸಿದ ಮೇಲೆ ಮೆಟ್ಟಿಲ ಅಗಲ ಹಳೆಯದ್ದೇ ಇಟ್ಟರೆ ಈ ಲೆಕ್ಕ ಸುಳ್ಳಾಗ್ತದೆ.

#22 ನಡೆದುಹೋಗುವೆ
ನನ್ನ ತಕರಾರು ಬೇರೆ. ಕರಡಿನಲ್ಲಿ ಕಾರಿಗೆ 3ರಿಂದ 12, ಮನುಷ್ಯನಿಗೆ 12ರಿಂದ 30. ದಿನಕ್ಕೆ ಎರಡು ಸಲ ಹತ್ತಿಳಿಯುವವರನ್ನು ಕೆಳಗೆ ತಳ್ಳಿ, ಬೆಳಿಗ್ಗೆ ನಿಲ್ಲಿಸಿ ಸಂಜೆ ತೆಗೆಯುವ ಕಬ್ಬಿಣಕ್ಕೆ ಮೇಲಿನ ಅಂತಸ್ತು! ಎಸ್ಕಲೇಟರ್ ಸೆಕೆಂಡಿಗೆ 0.5 ಮೀಟರ್, 30 ಡಿಗ್ರಿ ಓರೆ, ಅಂದರೆ ಸೆಕೆಂಡಿಗೆ ಕಾಲು ಮೀಟರ್ ಎತ್ತರ. 10 ಮೀಟರಿಗೆ 40 ಸೆಕೆಂಡು, 30 ಮೀಟರಿಗೆ 2 ನಿಮಿಷ, ಅದೂ ಸಾಲಿಲ್ಲದಿದ್ದರೆ, ಕೆಟ್ಟಿರದಿದ್ದರೆ. ಎರಡು ನಿಲ್ದಾಣದ ಪ್ರಯಾಣಕ್ಕೆ ಇಳಿದು ಹತ್ತೋದೇ ಹೆಚ್ಚು ಹೊತ್ತು.

ಆಳದ ಹಂಚಿಕೆಗೆ ಒಂದೇ ಪ್ರಶ್ನೆ ಸಾಕು: ಅಲ್ಲಿಗೆ ಮನುಷ್ಯ ದಿನಕ್ಕೆಷ್ಟು ಸಲ ಹೋಗ್ತಾನೆ? ಹೆಚ್ಚು ಸಲ ಅಂದರೆ ಮೇಲೆ. ವರ್ಷಕ್ಕೊಮ್ಮೆ ಅಂದರೆ ಕೆಳಗೆ. ಸಿಂಗಪುರದ ಜುರೋಂಗ್‌ನಲ್ಲಿ ತೈಲ ತುಂಬಿಡುವ ಗುಹೆಗಳು 130 ಮೀಟರ್ ಆಳದಲ್ಲಿವೆ, ಎಣ್ಣೆಗೆ ಮೆಟ್ಟಿಲು ಬೇಡ.

#23 ಗಾರೆಕೆಲಸ
ತರ್ಕ ಸರಿ, ಆದರೆ ಪಾರ್ಕಿಂಗನ್ನು ಕೆಳಗೆ ಹಾಕಿ ಅಂದರೆ ಅದೂ ಆಗೋಲ್ಲ. 8ಕ್ಕೆ 1ರ ರ‍್ಯಾಂಪಿನಲ್ಲಿ 3.2 ಮೀಟರ್ ಇಳಿಯಲು 26 ಮೀಟರ್ ಓಟ ಬೇಕು, ಮೇಲೆ ಕೆಳಗೆ ಸಪಾಟು ಭಾಗ ಬೇರೆ. ಒಂದು ಕಾರಿಗೆ ಓಡಾಟವೂ ಸೇರಿ 25–32 ಚದರ ಮೀಟರ್ ಹೋಗ್ತದೆ. ಆರು ಅಂತಸ್ತು ಇಳಿಸಿದರೆ ಪ್ರತಿ ಅಂತಸ್ತಿನಲ್ಲೂ ರ‍್ಯಾಂಪಿಗೆ ಜಾಗ ಬಿಡಬೇಕು.

#24 ನಡೆದುಹೋಗುವೆ
ಹಾಗಾದರೆ ಅಷ್ಟು ಪಾರ್ಕಿಂಗೇ ಬೇಡ ಅನ್ನೋದು ಉತ್ತರ. ಕೆಳಗೆ ಹೋಗದ್ದನ್ನೆಲ್ಲ ಮೇಲೆ ಕೂರಿಸಲೇಬೇಕಂತಿಲ್ಲ.

#25 ಬೆಂಟೋನೈಟು
ನಿಲ್ದಾಣದ ಗುಂಡಿ ತೋಡುವಾಗ ಕೆಡುವುದು ಎಲ್ಲಿ ಅಂತ ಯಾರೂ ಬರೆದಿಲ್ಲ. ಡಯಾಫ್ರಮ್ ಗೋಡೆಯ (ಗುಂಡಿ ತೋಡುವ ಮೊದಲೇ ಸುತ್ತ ನೆಲದೊಳಗೆ ಎರೆಯುವ ಕಾಂಕ್ರೀಟು ಗೋಡೆ) ಜೋಡಣೆಗಳಲ್ಲಿ. ಅಗೆದ ಜಾಗ ಕುಸಿಯದಂತೆ ತುಂಬುವ ಬೆಂಟೋನೈಟ್ ಜೇಡಿ ಕೆಸರಿನ ಮಟ್ಟ ಅಂತರ್ಜಲಕ್ಕಿಂತ ಒಂದು ಮೀಟರಾದರೂ ಮೇಲಿರಬೇಕು, ಕಾಂಕ್ರೀಟ್ ಸುರಿಯುವ ಮೊದಲು ಕೆಸರಿನಲ್ಲಿ ಮರಳು ಶೇ. 4ರ ಒಳಗಿರಬೇಕು, ಕಾಂಕ್ರೀಟನ್ನು ತಳಕ್ಕೆ ಇಳಿಸುವ ಟ್ರೆಮಿ ಕೊಳವೆಯ ತುದಿ ಸದಾ 2–3 ಮೀಟರ್ ಕಾಂಕ್ರೀಟಿನಲ್ಲಿ ಮುಳುಗಿರಬೇಕು. ಕೊಳವೆ ಬೇಗ ಎತ್ತಿದರೆ ಕೆಸರು ಒಳಗೆ ಸಿಕ್ಕಿಕೊಂಡು ಗೋಡೆಯಲ್ಲಿ ಕಿಟಕಿ ಬಿಡ್ತದೆ.

ಗುಂಡಿ ತೋಡಿದ ಮೇಲೆ ಆ ಕಿಟಕಿಯಿಂದ ನೀರು ಬಂದರೆ ನೀರಿನ ಬಣ್ಣ ನೋಡಿ. ತಿಳಿನೀರಾದರೆ ಉಸಿರಾಡಲು ಹೊತ್ತಿದೆ. ಕದಡಿದ ನೀರಾದರೆ ಗೋಡೆಯ ಹಿಂದಿನ ನೆಲವೇ ಬರ್ತಿದೆ, ಮೇಲಿನ ಬೀದಿ ಖಾಲಿ ಮಾಡಿಸಿ. ಬಾಯಿಗೆ ಬಟ್ಟೆ ತುರುಕಿ ಸಿಮೆಂಟು ಮೆತ್ತಬೇಡಿ, ಒತ್ತಡ ಪಕ್ಕಕ್ಕೆ ಹೋಗಿ ದೊಡ್ಡದಾಗಿ ಒಡೆಯುತ್ತದೆ. ಮರಳು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಹಾಸಿ, ಮರಳುಮೂಟೆ ಒಟ್ಟಿ, ಕೊಳವೆಯಿಂದ ನೀರು ಹೊರಗೆ ಬಿಡಿ. ಆಮೇಲೆ ಗೋಡೆಯ ಹಿಂದಿನಿಂದ ಗ್ರೌಟು, ಕೊನೆಗೆ ಕೊಳವೆ ಮುಚ್ಚೋದು. ಅದೂ ಕೈಮೀರಿದರೆ ಗುಂಡಿಗೆ ನೀವೇ ನೀರು ತುಂಬಿ, ಒಳಗೂ ಹೊರಗೂ ಮಟ್ಟ ಸಮವಾದರೆ ಹರಿವು ನಿಲ್ಲುತ್ತದೆ.

2009ರ ಮಾರ್ಚ್ 3ರಂದು ಜರ್ಮನಿಯ ಕಲೋನ್‌ನಲ್ಲಿ ನಗರದ ಐತಿಹಾಸಿಕ ದಾಖಲೆಗಳ ಭಂಡಾರವೇ ಮೆಟ್ರೋ ಗುಂಡಿಯತ್ತ ಜಾರಿತು, ಪಕ್ಕದ ಮನೆಗಳ ಇಬ್ಬರು ಸತ್ತರು. ಗೋಡೆಯ ದೋಷದ ಮೂಲಕ ನೀರು, ಮರಳು ಒಳಗೆ ನುಗ್ಗಿತ್ತು.

#26 ಬಿರುಕು_ಲೆಕ್ಕ
ಜೊತೆಗೆ 2004ರ ಏಪ್ರಿಲ್ 20, ಸಿಂಗಪುರದ ನಿಕೋಲ್ ಹೆದ್ದಾರಿ. ಮೆತ್ತನೆ ಜೇಡಿಯಲ್ಲಿ ತೋಡುತ್ತಿದ್ದ 33 ಮೀಟರಿನ ಮೆಟ್ರೋ ಗುಂಡಿ ಕುಸಿಯಿತು. ಮಣ್ಣಿನ ಬಲವನ್ನು ಲೆಕ್ಕದಲ್ಲಿ ಹೆಚ್ಚಾಗಿ ಹಿಡಿದದ್ದು ಒಂದು, ಅಡ್ಡತೊಲೆ ಮತ್ತು ಉದ್ದತೊಲೆ ಸೇರುವ ಜೋಡಣೆ ದುರ್ಬಲವಾಗಿದ್ದದ್ದು ಇನ್ನೊಂದು. ನಾಲ್ವರು ಸತ್ತರು. ಗೋಡೆ ಬಾಗುತ್ತಿದೆ ಅಂತ ಉಪಕರಣಗಳು ಮೊದಲೇ ಹೇಳಿದ್ದವು. ಅಳತೆ ಮಿತಿ ಮೀರಿದಾಗ ಮಿತಿಯನ್ನೇ ಏರಿಸಿ ಕೆಲಸ ಮುಂದುವರಿಸೋದು ಈ ವೃತ್ತಿಯ ಹಳೇ ಕಾಯಿಲೆ.

#27 ಅಂತರ್ಜಲಪ್ಪ
ತೇಲುವಿಕೆ ಬಗ್ಗೆ #19ರಲ್ಲಿ ಒಂದು ಸಾಲು ಬಂತು, ಅದು ಕರಡಿನಲ್ಲಿರಬೇಕು. ತಳದ ಸ್ಲ್ಯಾಬಿಗಿಂತ 3 ಮೀಟರ್ ಮೇಲೆ ನೀರಿದ್ದರೆ ಚದರ ಮೀಟರಿಗೆ 3 ಟನ್ ಮೇಲ್ಮುಖ ಒತ್ತಡ. ಬರೀ ಸ್ಲ್ಯಾಬಿನ ಭಾರದಿಂದ ತಡೆಯಲು 1.2 ಮೀಟರ್ ದಪ್ಪ ಕಾಂಕ್ರೀಟು ಬೇಕು. ಕಟ್ಟಡ ಮೇಲೇಳುವ ಮೊದಲೇ ನೀರೆತ್ತುವ ಪಂಪು ಆಫ್ ಮಾಡಿದರೆ ಇಡೀ ತೊಟ್ಟಿ ದೋಣಿ ಆಗ್ತದೆ.

ಇಂದಿನ ನೀರಿನ ಮಟ್ಟಕ್ಕೆ ಲೆಕ್ಕ ಹಾಕಿದರೂ ಸಾಲದು. ಟೋಕಿಯೋದಲ್ಲಿ ಕೊಳವೆಬಾವಿಗಳಿಗೆ ಕಡಿವಾಣ ಹಾಕಿದ ಮೇಲೆ ಅಂತರ್ಜಲ ವಾಪಸ್ ಏರಿತು. ಉಯೆನೋದ ನೆಲದಡಿ ನಿಲ್ದಾಣ ತೇಲದಂತೆ ಕಬ್ಬಿಣದ ಭಾರ ಹೇರಿ, ಆಮೇಲೆ ತಳವನ್ನು ನೆಲಕ್ಕೆ ಆಂಕರ್ ಮಾಡಬೇಕಾಯಿತು. ಹಾಗೇ, ಉದ್ದನೆ ನಿಲ್ದಾಣಗೋಡೆ ಅಂತರ್ಜಲದ ಹರಿವಿಗೆ ಅಡ್ಡಗಟ್ಟೆ. ಒಂದು ಕಡೆ ಬೇಸ್‌ಮೆಂಟುಗಳು ಒಸರ್ತವೆ, ಇನ್ನೊಂದು ಕಡೆ ಬಾವಿ ಒಣಗ್ತವೆ.

#28 ನಕ್ಷೆಗಾರ
ಕರಡು ಪೂರ್ತಿ ಹರಿದು ಹೊಸದಾಗಿ ಬರೀಬೇಕಾಗಿದೆ. ಮೂರನೇ ಪ್ರಶ್ನೆ ಮಾತ್ರ ಬಾಕಿ: ಮೊದಲು ಅಗೆದವನು ಮುಂದಿನವನ ದಾರಿ ಮುಚ್ಚದಂತೆ ಏನು ಮಾಡೋದು? ನಿಯಮ ಬರೆಯುವ ಭಾಷೆಯಲ್ಲಿ ಹೇಳಿ.

#29 ಬೆಂಟೋನೈಟು
ಮೂರು ಷರತ್ತು, ಅನುಮತಿಪತ್ರದಲ್ಲೇ.

ಒಂದು, ಗುಂಡಿಗೆ ಆಸರೆಯಾಗಿ ಪಕ್ಕದ ನೆಲದೊಳಗೆ ಕೊರೆದು ಹಾಕುವ ಉಕ್ಕಿನ ಆಂಕರ್ ಎಳೆಗಳನ್ನು ಕೆಲಸ ಮುಗಿದ ಮೇಲೆ ತೆಗೆಯಲೇಬೇಕು. ತೆಗೆಯಲು ಬರುವ ಬಗೆ ಸಿಗುತ್ತದೆ. ಬಿಟ್ಟರೆ ಮುಂದೆ ಬರುವ ಟಿಬಿಎಂನ ಮಣ್ಣು ಹೊರಹಾಕುವ ಸ್ಕ್ರೂಗೆ ಸೇಮಿಗೆ ಥರ ಸುತ್ತಿಕೊಳ್ಳುತ್ತದೆ. ಸಿಯಾಟಲ್‌ನಲ್ಲಿ 17.5 ಮೀಟರ್ ವ್ಯಾಸದ ಬರ್ತಾ ಯಂತ್ರ 2013ರ ಡಿಸೆಂಬರಿನಲ್ಲಿ ನಿಂತು ಎರಡು ವರ್ಷ ಮಲಗಿತ್ತು. ನಿಲ್ಲುವ ಸ್ವಲ್ಪ ಮೊದಲು ಅದು ನೆಲದಲ್ಲಿ ಬಿಟ್ಟಿದ್ದ ಉಕ್ಕಿನ ಬಾವಿಕೊಳವೆಗೆ ಹೊಡೆದಿತ್ತು. ಕೆಟ್ಟದ್ದಕ್ಕೆ ಅದೇ ಕಾರಣವೋ ಅನ್ನುವ ಜಗಳ ಕೋರ್ಟಿಗೆ ಹೋಯ್ತು.

ಎರಡು, ಮುಂದಿನ ಮಾರ್ಗ ಹಾದುಹೋಗಬಹುದಾದ ಕಡೆ ನಿಲ್ದಾಣದ ಗೋಡೆಯಲ್ಲಿ ಉಕ್ಕಿನ ಬದಲು ಗ್ಲಾಸ್ ಫೈಬರ್ ಸರಳು. ಯಂತ್ರ ಅದನ್ನು ಕತ್ತರಿಸಿಕೊಂಡು ಹೋಗ್ತದೆ. ಉಕ್ಕು ಇದ್ದರೆ ಜನ ಇಳಿದು ಕೈಯಲ್ಲೇ ಒಡೆಯಬೇಕು, ಅದೂ ನೀರಿನ ಒತ್ತಡದ ಎದುರು.

ಮೂರು, ಪೈಲುಗಳ (ನೆಲದೊಳಗೆ ಇಳಿಸುವ ಅಡಿಪಾಯದ ಕಂಬಗಳ) ನಿಜವಾದ ಉದ್ದ ದಾಖಲೆಗೆ ಬರಬೇಕು. ವಿನ್ಯಾಸದ ಉದ್ದ ಅಲ್ಲ, ನೆಲಕ್ಕೆ ಹೋದ ಉದ್ದ.

#30 ಕಾಯಿದೆಪುಸ್ತಕ
ನಾಲ್ಕನೆಯದು ನಾನು ಸೇರಿಸ್ತೀನಿ: ಬಳಕೆ ಮುಗಿದ ಕೊಳವೆಗೆ ಯಾರು ಹೊಣೆ ಅನ್ನೋದು. ಸತ್ತ ಕೇಬಲು, ಸತ್ತ ಕೊಳವೆ ತೆಗೆಯಬೇಕು, ಇಲ್ಲವೇ ಗ್ರೌಟು ತುಂಬಿ ‘ಸತ್ತಿದೆ’ ಅಂತ ನಕ್ಷೆಯಲ್ಲಿ ಗುರುತಿಸಬೇಕು. ಖಾಲಿ ಬಿಟ್ಟ ಹಳೇ ಕೊಳವೆ ಸುತ್ತಲಿನ ಮಣ್ಣನ್ನು ಸದ್ದಿಲ್ಲದೆ ನುಂಗ್ತಾ ಹೋಗ್ತದೆ, ರಸ್ತೆ ಕುಸಿದ ದಿನ ಎಲ್ಲರೂ ಮಳೆಯನ್ನು ಬೈತಾರೆ.

#31 ಸುಮ್ನೆ_ಬಂದೆ
ಪ್ಲಾಸ್ಟಿಕ್ ಕೊಳವೆ ಎಲ್ಲಿದೆ ಅಂತ ಲೊಕೇಟರಿಗೆ ಗೊತ್ತಾಗಲ್ಲ ಅಂತಾರೆ, ಹೌದಾ?

#32 ತಂತಿಕೊಳವೆ
ಹೌದು. ಆ ಯಂತ್ರ ಲೋಹವನ್ನಷ್ಟೇ ಹಿಡಿಯೋದು. ಕೊಳವೆ ಹಾಕುವಾಗಲೇ ಮೇಲೊಂದು ತಾಮ್ರದ ತಂತಿ ಎಳೆದು, ತುದಿಯನ್ನು ವಾಲ್ವ್ ಗುಂಡಿಯಲ್ಲಿ ಮೇಲಕ್ಕೆ ತನ್ನಿ. ನೆಲ ನೋಡುವ ರಾಡಾರು ಒಣ ಮರಳಿನಲ್ಲಿ ಚೆನ್ನ, ಒದ್ದೆ ಜೇಡಿಯಲ್ಲಿ ಒಂದು ಮೀಟರ್ ಕೆಳಗೆ ಕುರುಡು. ಕೊನೆಗೆ ನಂಬಬೇಕಾದ್ದು ಕೈಯಿಂದ ತೋಡಿದ ಪರೀಕ್ಷಾ ಗುಂಡಿಯನ್ನೇ.

#33 ನಕ್ಷೆಗಾರ
ತಂತಿಯ ತುದಿ ಮೇಲೆ ತರೋದು ಮರೆತ ಕೊಳವೆಗಳಿಗೆ?

#34 ತಂತಿಕೊಳವೆ
ಸಲಿಕೆ.